ಗಾಳಿಮರೆ

ಮುಂದಿನ ವರ್ಷದಿಂದ ಒಂದೇ ಕಾರು ಎಂದು ಮೇಸ್ತ್ರಿ ಹೇಳಿದ್ದು ಊಟದ ಹೊತ್ತಿನಲ್ಲಿ, ಅದೂ ಬಾಯಲ್ಲಿ ತುತ್ತು ಇಟ್ಟುಕೊಂಡು. ದೊಡ್ಡ ಸುದ್ದಿಗಳನ್ನೆಲ್ಲ ಅವರು ಹೇಳುವುದೇ ಹಾಗೆ. ಅಗಿಯುತ್ತಿರುವ ಮನುಷ್ಯನಿಗೆ ಯಾರೂ ಎದುರಾಡುವುದಿಲ್ಲ ಎಂದು ಅವರ ನಂಬಿಕೆ.

“ಬೆನ್ನು ಮಾತು ಕೇಳ್ತಿಲ್ಲ. ಕಾರಿನ ಕೆಳಗೆ ಮಲಗಿದ್ರೆ ಎಬ್ಬಿಸೋಕೆ ಇಬ್ಬರು ಬೇಕು. ಈ ವರ್ಷದ ರೇಸು ಮುಗೀಲಿ, ಒಂದನ್ನ ಮಾರಿಬಿಡ್ತೀನಿ.”

ಬೆನ್ನಿಗೆ ಔಷಧ ಹಚ್ಚಿದಿರಾ ಎಂದು ಕೇಳಿದ್ದು ಅಮ್ಮ ಒಬ್ಬರೇ. ಮಗ, ಮಗಳು, ಸೊಸೆ ಮೂವರಿಗೂ ಬೆನ್ನಿನ ಯೋಚನೆ ಬರಲಿಲ್ಲ. ಉಳಿಯುವ ಕಾರಿನಲ್ಲಿ ಕೂರುವವರು ಯಾರು ಎಂಬುದಷ್ಟೇ ಅವರ ತಲೆಯಲ್ಲಿತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಸೊಸೆಗೆ ಮಾತ್ರ ಇತ್ತು.

“ಮೊದಲು ತಂಡದ ಕಪ್ ಬರಲಿ,” ಎಂದು ಮೇಸ್ತ್ರಿ ನೀರು ಕುಡಿದು ಎದ್ದರು.

ಇದು ಉತ್ತರವೇ ಅಲ್ಲ. ಆದರೂ ಮೂವರೂ ಅದಕ್ಕೆ ಒಂದೇ ಅರ್ಥ ಕಟ್ಟಿಕೊಂಡರು. ಈ ವರ್ಷ ಯಾರು ಚಾಂಪಿಯನ್ನೋ ಅವರಿಗೆ ಕಾರು.

ಕೆಳಗೆ ಮೇಸ್ತ್ರಿಯ ಗ್ಯಾರೇಜು, ಮೇಲೆ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಗ್ರೀಸಿನ ವಾಸನೆ, ಮುಚ್ಚಿದರೆ ಒಗ್ಗರಣೆಯ ಘಾಟು. ವಾರವೆಲ್ಲ ಊರವರ ಕಾರು ರಿಪೇರಿ. ರೇಸಿನ ಭಾನುವಾರ ತಮ್ಮ ಎರಡು ಕಾರುಗಳನ್ನು ಲಾರಿಗೆ ಹತ್ತಿಸಿಕೊಂಡು ಇಡೀ ಮನೆಯೇ ಹೊರಡುವುದು. ಒಂದನ್ನು ಓಡಿಸುವವನು ಮಗ. ಕೂರುವ ಮೊದಲು ಸೀಟು ಒರೆಸುವ ಅವನ ಅಭ್ಯಾಸಕ್ಕೆ ಗ್ಯಾರೇಜಿನ ಹುಡುಗರು ಅವನನ್ನು ಸಾಹೇಬ ಎಂದು ಕರೆಯುತ್ತಿದ್ದರು; ಈಗ ಮನೆಯವರೂ ಹಾಗೇ ಕರೆಯುತ್ತಾರೆ. ಇನ್ನೊಂದನ್ನು ಓಡಿಸುವವಳು ಅವನ ತಂಗಿ ಪುಟ್ಟಿ, ಅವನಿಗಿಂತ ಎಂಟು ವರ್ಷ ಚಿಕ್ಕವಳು. ಗೇರು ಹಾಕುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದವನು ಅವನೇ. ಅಷ್ಟು ಚೆನ್ನಾಗಿ ಕಲಿಸಬಾರದಾಗಿತ್ತು ಎಂದು ಅವನಿಗೆ ಈಚೆಗೆ ಅನ್ನಿಸುತ್ತಿತ್ತು.

ವರ್ಷದ ರೇಸುಗಳೆಲ್ಲ ಮುಗಿದ ಮೇಲೆ ಕೊಡುವುದು ಎರಡು ಕಪ್. ವರ್ಷವಿಡೀ ಹೆಚ್ಚು ಅಂಕ ಗಳಿಸಿದ ಚಾಲಕನಿಗೆ ಒಂದು. ಒಂದು ತಂಡದ ಎರಡೂ ಕಾರುಗಳ ಅಂಕ ಕೂಡಿಸಿ, ಯಾರದು ಹೆಚ್ಚೋ ಆ ತಂಡಕ್ಕೆ ಇನ್ನೊಂದು. ತಂಡದ ಕಪ್ ಈ ಮನೆಗೆ ಎರಡು ಸಲ ಬಂದಿದೆ. ಒಂದರಲ್ಲಿ ಮೇಸ್ತ್ರಿ ನಟ್ಟು ಬೋಲ್ಟು ಹಾಕಿಟ್ಟಿದ್ದಾರೆ, ಇನ್ನೊಂದರಲ್ಲಿ ಅಮ್ಮ ಈರುಳ್ಳಿ. ಚಾಲಕನ ಕಪ್ ಮಾತ್ರ ಒಮ್ಮೆಯೂ ಬಂದಿಲ್ಲ. ಸಾಹೇಬನದು ಯಾವಾಗಲೂ ಎರಡನೆಯ ಸ್ಥಾನ, ಇಲ್ಲವೇ ಮೂರನೆಯದು. ಈ ವರ್ಷ, ಎರಡು ರೇಸು ಬಾಕಿಯಿರುವಾಗ, ಅವನೇ ಮೊದಲು. ಬೆನ್ನ ಹಿಂದೆಯೇ ಪುಟ್ಟಿ.

ಯಾವ ಕಪ್ ದೊಡ್ಡದು ಎಂಬ ಜಗಳ ಆ ಮನೆಗೆ ಹೊಸದಲ್ಲ. ಈಗ ಅದು ದಿನಕ್ಕೆರಡು ಹೊತ್ತು ಊಟದ ಜೊತೆಗೇ ಬಡಿಸಲ್ಪಡುತ್ತಿತ್ತು.

“ಹೋದ ವರ್ಷ ತಂಡದ ಕಪ್ ಯಾರು ಗೆದ್ರು ಅಂತ ಬೀದೀಲಿ ಕೇಳಿ ನೋಡಿ,” ಎಂದ ಸಾಹೇಬ. “ಟೈರ್ ಅಂಗಡಿಯವರು ಅಂತಾರೆ. ಕಾರಿನ ಮೇಲೆ ಬರೆದಿರೋದು ಅವರ ಹೆಸರು ತಾನೆ? ನನ್ನ ಹೆಸರು ಯಾರ ಬಾಯಲ್ಲಿದೆ?”

“ಚಾಲಕನ ಕಪ್‌ನಲ್ಲಿ ನನ್ನ ಬೆನ್ನು ಎಲ್ಲಿದೆ ತೋರಿಸು,” ಎಂದರು ಮೇಸ್ತ್ರಿ. “ತಂಡದ್ದರಲ್ಲಿ ಇದೆ. ನಿಮ್ಮಮ್ಮನ ಬುತ್ತೀನೂ ಇದೆ.”

ಎರಡೂ ಬರಬಹುದಲ್ಲ ಎಂದಳು ಪುಟ್ಟಿ. ಎರಡೂ ನಿನಗೇ ಬರಲಿ ಅಂತ ತಾನೆ ನಿನ್ನಾಸೆ ಎಂದು ಸೊಸೆ ಚಮಚ ಕೆಳಗಿಟ್ಟಳು. ಅವತ್ತಿನ ಊಟ ಅಲ್ಲಿಗೆ ಮುಗಿಯಿತು.

ಸೊಸೆಯ ಹೊಟ್ಟೆಕಿಚ್ಚಿಗೆ ಅದರದೇ ಕಾರಣವಿತ್ತು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಳತೆ ಕೊಡಲು ಬಂದವರೆಲ್ಲ ಮೆಟ್ಟಿಲು ಹತ್ತುತ್ತಲೇ “ರೇಸು ಓಡಿಸೋ ಹುಡುಗಿ ಇದೇ ಮನೆಯವಳಾ?” ಎಂದು ಕೇಳುವರು. ತನ್ನ ಗಂಡನೂ ಓಡಿಸುತ್ತಾನೆ, ಅಂಕದಲ್ಲಿ ಅವನೇ ಮುಂದಿದ್ದಾನೆ ಎಂದರೆ, “ಓ, ಅವಳಣ್ಣ ಅಲ್ವಾ” ಎನ್ನುವರು. ಹುಡುಗಿ ಕಾರು ಓಡಿಸಿದರೆ ಸುದ್ದಿ, ಗಂಡಸು ಓಡಿಸಿದರೆ ಅವಳಣ್ಣ. ಒಂದು ದಿನ ಅವಳು ರೇಸಿನ ಉಡುಪುಗಳನ್ನು ಒಗೆಯಲು ಕೂತವಳು ಗಂಡನದನ್ನು ಮಾತ್ರ ಒಗೆದು ಹರವಿ, ನಾದಿನಿಯದನ್ನು ಬಕೆಟ್ಟಿನಲ್ಲೇ ಬಿಟ್ಟಳು. ಅಮ್ಮ ಅದನ್ನು ಸದ್ದಿಲ್ಲದೆ ಒಗೆದು ಪಕ್ಕದಲ್ಲೇ ಹರವಿದರು.

ಇನ್ನು ಟೈರಿನ ವಿಷಯ. ಕಾರಿನ ಮೇಲೆ ತನ್ನ ಹೆಸರು ಬರೆಸಿದ್ದಕ್ಕೆ ಟೈರ್ ಅಂಗಡಿಯವನು ಪ್ರತಿ ರೇಸಿಗೂ ಕೊಡುತ್ತಿದ್ದದ್ದು ಒಂದು ಕಾರಿಗಾಗುವಷ್ಟು ಹೊಸ ಟೈರು. ಇನ್ನೊಂದು ಕಾರು ಹಿಂದಿನ ರೇಸಿನ ಸವೆದ ಟೈರಿನಲ್ಲೇ ಓಡಬೇಕು. ಮೊದಲ ವರ್ಷ ಅಣ್ಣ ತಂಗಿ ಇದಕ್ಕಾಗಿ ಕಿತ್ತಾಡಿದಾಗ ತೀರ್ಪು ಕೊಟ್ಟವರು ಅಮ್ಮ. ಹಿಂದಿನ ರೇಸಿನಲ್ಲಿ ಇಬ್ಬರಲ್ಲಿ ಯಾರು ಹಿಂದೆ ಬಿದ್ದರೋ ಮುಂದಿನ ರೇಸಿಗೆ ಅವರಿಗೆ ಹೊಸ ಟೈರು. ಮಕ್ಕಳು ಚಿಕ್ಕವರಿದ್ದಾಗ ಅತ್ತವರಿಗೆ ದೊಡ್ಡ ತುಂಡು ಕೊಟ್ಟು ಸಮಾಧಾನ ಮಾಡಿದ ಹಾಗೆಯೇ ಇದೂ. ಬೇರೆ ಯಾವ ತಂಡದಲ್ಲೂ ಇಂಥ ಪದ್ಧತಿ ಇರಲಿಲ್ಲ. ಎಲ್ಲರೂ ಮುಂದಿರುವವನಿಗೇ ಒಳ್ಳೆಯದನ್ನು ಕೊಡುತ್ತಾರೆ. ಹಾಗಿದ್ದರೂ ಅಮ್ಮನ ಮಾತಿನಿಂದ ಮನೆಯಲ್ಲಿ ಎರಡು ವರ್ಷ ನೆಮ್ಮದಿಯಿತ್ತು.

ಕೊನೆಯದಕ್ಕೆ ಮೊದಲಿನ ರೇಸಿನಲ್ಲಿ ಹೊಸ ಟೈರು ಪುಟ್ಟಿಯದು. ಸವೆದದ್ದು ಸಾಹೇಬನದು. ಆದರೂ ಅವನು ಅವತ್ತು ಜೀವಮಾನದಲ್ಲಿ ಓಡಿಸದಷ್ಟು ಚೆನ್ನಾಗಿ ಓಡಿಸಿದ. ಕೊನೆಯ ಸುತ್ತಿನವರೆಗೂ ತಂಗಿಯನ್ನು ಮುಂದೆ ಬಿಡಲಿಲ್ಲ. ಆಮೇಲೆ, ದೊಡ್ಡ ತಿರುವಿನಲ್ಲಿ, ಬಾಗಿಲು ತೆಗೆದು ಒಳಗೆ ಕರೆದ ಹಾಗೆ ದಾರಿ ಬಿಟ್ಟ. ಪುಟ್ಟಿ ಮುಂದೆ ಹೋದಳು. ಅವಳ ಹಿಂದೆಯೇ, ಯಾರೂ ಎಣಿಸದ ಹಾಗೆ, ಬಸ್ಸಿನ ಯಜಮಾನನ ತಂಡದವನೂ ನುಗ್ಗಿಬಿಟ್ಟ. ಹೆಲ್ಮೆಟ್ಟಿನೊಳಗೂ ಕನ್ನಡಕ ತೆಗೆಯದ ಹುಡುಗ ಅವನು. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಾರೆ. ತಂಡದ ಕಪ್ಪಿಗೆ ಇವರ ಎದುರಾಳಿ ಎಂದರೆ ಬಸ್ಸಿನ ಯಜಮಾನನೇ.

ಅಣ್ಣನದು ಎಂಥ ದೊಡ್ಡ ಮನಸ್ಸು ಎಂದು ಮೈಕಿನವನು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣೊರೆಸಿಕೊಂಡರು. ಆ ವಾರವೆಲ್ಲ ಮನೆಗೆ ಬಂದವರು ಗೆದ್ದವಳ ಬದಲು ಬಿಟ್ಟುಕೊಟ್ಟವನ ಕೈ ಕುಲುಕಿದರು. ಸೊಸೆ ಹೊಸ ಅಂಗಿ ಹೊಲಿದು ಗಂಡನಿಗೆ ತೊಡಿಸಿದಳು. ಅಮ್ಮ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಮೊಟ್ಟೆ ಹಾಕಿದರು.

ಪುಟ್ಟಿ ನಾಲ್ಕು ದಿನ ತಡೆದುಕೊಂಡಳು. ಅಣ್ಣನನ್ನು ಹೊಗಳಿದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳಿಗೆ ಹೊಗಳಿದರೆ ಇನ್ನೂ ಉರಿಯುತ್ತಿತ್ತು. ಇನ್ನೊಂದು ಮೊಟ್ಟೆ ಬಿದ್ದಾಗ ತಡೆಯಲಾಗಲಿಲ್ಲ.

“ಅಮ್ಮ, ಅವನು ಬಿಟ್ಟುಕೊಟ್ಟಿಲ್ಲ. ಟೈರು ತಗೊಂಡ.”

“ಏನು ಮಾತು ಅದು?” ಎಂದಳು ಸೊಸೆ. “ಬಿಟ್ಟುಕೊಟ್ಟವರ ಮೇಲೂ ಮಣ್ಣು ಎರಚ್ತೀಯಲ್ಲ.”

“ಅತ್ತಿಗೆ, ನಾನು ಅವನ ಹಿಂದೇನೇ ಇದ್ದೆ. ದೊಡ್ಡ ತಿರುವಿನಲ್ಲಿ ಅಣ್ಣ ಯಾವತ್ತೂ ಬ್ರೇಕ್ ಮುಟ್ಟಲ್ಲ, ನನಗೂ ಮುಟ್ಟಬೇಡ ಅಂತಾನೇ ಕಲಿಸಿರೋದು. ಅವತ್ತು ಬ್ರೇಕಿನ ದೀಪ ಹತ್ತಿತು. ಕೊನೇ ರೇಸಿಗೆ ಅಂಕ ದುಪ್ಪಟ್ಟು. ನನಗಿಂತ ಹಿಂದೆ ಬಿದ್ರೆ ಹೊಸ ಟೈರು ಅವನಿಗೆ. ಅಷ್ಟೇ ಲೆಕ್ಕ.”

ಮೇಸ್ತ್ರಿ ತಲೆಯೆತ್ತಲಿಲ್ಲ. ಟ್ರ್ಯಾಕಿನ ಗೋಡೆಯ ಬಳಿ ನಿಂತು ನೋಡಿದ್ದ ಅವರಿಗೆ ಇದೆಲ್ಲ ಅವತ್ತೇ ಗೊತ್ತಾಗಿತ್ತು. ಅಮ್ಮ ಮಗನ ಮುಖ ನೋಡಿ, ಹೌದೇನೋ ಎಂದು ಕೇಳಿದರು.

“ಹೌದು,” ಎಂದ ಸಾಹೇಬ. “ಏನೀಗ? ಪದ್ಧತಿ ಮಾಡಿದ್ದು ನೀನೇ. ನಾನೇನು ಕದ್ದಿಲ್ಲ.”

“ಕನ್ನಡಕನೂ ನುಗ್ಗಿದನಲ್ಲೋ. ತಂಡದ ಅಂಕ ಹೋಯ್ತಲ್ಲ,” ಎಂದರು ಮೇಸ್ತ್ರಿ.

“ಅವನು ಅಷ್ಟು ಹತ್ತಿರ ಇದ್ದಾನೆ ಅಂತ ಗೊತ್ತಿರ್ಲಿಲ್ಲ. ತಂಡ ತಂಡ ಅಂತ ಎಷ್ಟು ವರ್ಷ ಅಪ್ಪ? ನಾನು ನಲವತ್ತರ ಹತ್ತಿರ ಬಂದೆ. ಅವಳಿಗೆ ಇನ್ನೂ ವಯಸ್ಸಿದೆ. ನನಗೆ ಇದು ಬಿಟ್ರೆ ಇನ್ನೇನಿದೆ?”

ಸುಳ್ಳಲ್ಲ ಅದು. ಸೊಸೆ ಗಂಡನ ಹೊಸ ಅಂಗಿಯನ್ನೇ ನೋಡುತ್ತಾ ಕೂತಿದ್ದಳು. ತನಗೂ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಚುಚ್ಚುತ್ತಿತ್ತು.

ಅಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರು. “ಆಡಿದ ಮಾತು ಆಡಿದ್ದೇ. ಹಿಂದೆ ಬಿದ್ದಿದ್ದಾನೆ, ಹೊಸ ಟೈರು ಅವನಿಗೇ ಹಾಕಿ,” ಎಂದರು. ಮೇಸ್ತ್ರಿ ಏನೋ ಹೇಳಹೋದಾಗ ಕೈ ಎತ್ತಿ ತಡೆದರು. ಆ ಸಂಜೆ ಪಾತ್ರೆ ತೊಳೆಯುವಾಗ ಅವರಿಗೆ ತಮ್ಮ ಮೇಲೆ ಬಂದಷ್ಟು ಸಿಟ್ಟು ಮಗನ ಮೇಲೆ ಬರಲಿಲ್ಲ. ಪುಟ್ಟಿ ಪಕ್ಕದಲ್ಲಿ ನಿಂತು ಒರೆಸಿದಳು.

ಅಲ್ಲಿಂದ ಕೊನೆಯ ರೇಸಿನ ತನಕ ಆ ಮನೆ ಎರಡಾಯಿತು. ಸೊಸೆ ಗಂಡನಿಗೆ ಬೇಗ ಬಡಿಸುವಳು, ಪುಟ್ಟಿ ಅವರು ಎದ್ದ ಮೇಲೆ ಬರುವಳು. ಗ್ಯಾರೇಜಿನಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್ ಒಂದೇ ಇತ್ತು. ಬೇಕಾದಾಗ ಅಣ್ಣ ತಂಗಿ ನೇರವಾಗಿ ಕೇಳದೆ ಅಪ್ಪನ ಕೈಯಲ್ಲಿ ಕೇಳಿಸುವರು. ಬೆನ್ನು ಹಿಡಿದುಕೊಂಡು ಈ ಕಾರಿನಿಂದ ಆ ಕಾರಿಗೆ ಸ್ಪ್ಯಾನರ್ ಸಾಗಿಸುತ್ತಾ ಮೇಸ್ತ್ರಿ, ತಾನು ಮೆಕ್ಯಾನಿಕ್ಕೋ ಅಂಚೆಯವನೋ ಎಂದು ಗೊಣಗುವರು.

ಕೊನೆಯ ರೇಸಿನ ಬೆಳಿಗ್ಗೆ ಲೆಕ್ಕ ಎಲ್ಲರ ನಾಲಗೆಯ ಮೇಲಿತ್ತು. ಅಣ್ಣ ತಂಗಿಯರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರು ಚಾಂಪಿಯನ್. ಇಬ್ಬರೂ ಕನ್ನಡಕನಿಗಿಂತ ಮುಂದೆ ಮುಗಿಸಿದರೆ ತಂಡದ ಕಪ್ಪೂ ಇವರದು. ಸಾಹೇಬ ಸೀಟು ಒರೆಸುತ್ತಿದ್ದಾಗ ಪುಟ್ಟಿ ಹತ್ತಿರ ಬಂದು ನಿಂತಳು. ಎಷ್ಟೋ ದಿನಗಳ ನಂತರ ಅವಳೇ ಮಾತಾಡಿಸಿದ್ದು.

“ಅಣ್ಣ, ಚಾಂಪಿಯನ್ ನೀನೇ ಆಗು. ನನ್ನ ಟೈರಿನಲ್ಲಿ ಜೀವ ಇಲ್ಲ, ಒಬ್ಬಳೇ ಆದ್ರೆ ತಿರುವಿಲ್ಲದ ಆ ಉದ್ದದ ದಾರೀಲಿ ಕನ್ನಡಕ ನನ್ನ ದಾಟ್ತಾನೆ. ನೀನು ಮುಂದೆ ಹತ್ತಿರಾನೇ ಇರು, ನಾನು ನಿನ್ನ ಗಾಳಿಮರೆಯಲ್ಲಿ ಬರ್ತೀನಿ. ಅವನಿಗೆ ದಾಟೋಕಾಗಲ್ಲ.”

ಇದು ರೇಸಿನವರಿಗೆಲ್ಲ ಗೊತ್ತಿರುವ ಉಪಾಯ. ಮುಂದಿನ ಕಾರು ಗಾಳಿಯನ್ನು ತಳ್ಳಿಕೊಂಡು ಹೋಗುವಾಗ ಅದಕ್ಕೆ ಅಂಟಿಕೊಂಡು ಬರುವ ಕಾರು ಆ ಮರೆಯಲ್ಲಿ ಹಗುರವಾಗಿ ಓಡುತ್ತದೆ. ಆದರೆ ಹಾಗೆ ಹಗುರವಾಗಿ ಬಂದ ಕಾರು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ಮುಂದಿನದನ್ನೇ ದಾಟಲೂಬಹುದು.

“ಕೊನೇ ಸುತ್ತಿನಲ್ಲಿ ನೀನು ಪಕ್ಕಕ್ಕೆ ಬಂದ್ರೆ?”

“ಬರಲ್ಲ. ನಮ್ಮ ಎರಡು ಕಾರು ಒಟ್ಟಿಗೆ ಓಡೋದು ಇದೇ ಕೊನೆ. ಅಪ್ಪನಿಗೆ ಆ ಕಪ್ ಬರಲಿ.”

ಆಯ್ತು ಎಂದು ಸಾಹೇಬ ತಲೆಯಾಡಿಸಿದ. ಮೇಸ್ತ್ರಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಜೊತೆಗಿರು’ ಎಂದು ದಪ್ಪಗೆ ಬರೆದಿಟ್ಟುಕೊಂಡು ಗೋಡೆಯ ಬಳಿ ನಿಂತರು.

ಮುಕ್ಕಾಲು ರೇಸು ಹೇಳಿ ಮಾಡಿಸಿದ ಹಾಗೆ ನಡೆಯಿತು. ಮುಂದೆ ಸಾಹೇಬ, ಅವನಿಗೆ ಅಂಟಿಕೊಂಡು ಪುಟ್ಟಿ, ಅವಳ ಹಿಂದೆ ಒದ್ದಾಡುತ್ತಿರುವ ಕನ್ನಡಕ. ಸುತ್ತು ಸುತ್ತಿಗೂ ಮೇಸ್ತ್ರಿ ಹಲಗೆ ಎತ್ತಿ ತೋರಿಸಿದರು. ಅಮ್ಮ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಸೊಸೆ ಅವರ ತೋಳು ಹಿಡಿದುಕೊಂಡಿದ್ದಳು; ಯಾವಾಗ ಹಿಡಿದಳೋ ಅವಳಿಗೂ ಗೊತ್ತಿಲ್ಲ.

ಸಾಹೇಬನ ಕನ್ನಡಿಯ ತುಂಬ ತಂಗಿಯ ಕಾರು. ಅದನ್ನು ನೋಡಿದಷ್ಟೂ ಅವನಿಗೆ ಅವಳ ಮಾತಿನ ಮೇಲೆ ನಂಬಿಕೆ ಕರಗಿತು. ಅವಳ ಜಾಗದಲ್ಲಿ ತಾನಿದ್ದಿದ್ದರೆ ಕೊನೆಯ ಸುತ್ತಿನಲ್ಲಿ ಖಂಡಿತ ಪಕ್ಕಕ್ಕೆ ಬರುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ತನಗಿಂತ ವೇಗ, ತನಗಿಂತ ಹೆಸರು, ಈಗ ತನಗಿಂತ ಒಳ್ಳೆಯ ಮನಸ್ಸೂ ಅವಳಿಗಿದೆ ಎಂದರೆ ಅದನ್ನು ಹೇಗೆ ಒಪ್ಪುವುದು? ಮೂರು ಸುತ್ತು ಬಾಕಿಯಿದ್ದಾಗ, ಗೋಡೆಯ ಬಳಿ ಎತ್ತಿ ಹಿಡಿದ ಹಲಗೆಯನ್ನು ಕಣ್ಣಾರೆ ಓದಿ, ಹೊಸ ಟೈರಿನಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ತಿರುವುಗಳಲ್ಲಿ ಸುರಿದು ಅವನು ದೂರ ಹೋದ.

ಉದ್ದದ ದಾರಿಗೆ ಬಂದಾಗ ಪುಟ್ಟಿಯ ಮುಂದೆ ಬರೀ ಬಯಲು. ಕನ್ನಡಕ ಮೊದಲ ಯತ್ನಕ್ಕೇ ಅವಳನ್ನು ದಾಟಿದ. ಮೇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟರು. ಬೆನ್ನು ನೋವೆಂದು ಪಕ್ಕದವರು ಅಂದುಕೊಂಡರು.

ಸಾಹೇಬ ಚಾಂಪಿಯನ್ ಆದ. ತಂಡದ ಕಪ್ ಬಸ್ಸಿನ ಯಜಮಾನನಿಗೆ ಹೋಯಿತು.

ಆ ಸಂಜೆ ಮನೆಯಲ್ಲಿ ಬ್ರೆಡ್ಡು, ಮೊಟ್ಟೆ, ಚಹಾ. ಅಡುಗೆ ಮಾಡುವ ಮನಸ್ಸು ಅಮ್ಮನಿಗಿರಲಿಲ್ಲ. ಮೇಜಿನ ನಡುವೆ ಚಾಲಕನ ಕಪ್ ಹೊಳೆಯುತ್ತಿತ್ತು, ಬ್ರೆಡ್ಡಿಗೆ ಕೈ ಚಾಚುವವರಿಗೆಲ್ಲ ಅಡ್ಡ ಬರುತ್ತಿತ್ತು. ಮೇಸ್ತ್ರಿ ಈ ಸಲ ಬಾಯಿ ಖಾಲಿ ಮಾಡಿಕೊಂಡು ಮಾತಾಡಿದರು. “ಕಾರು ನಿಂದು,” ಎಂದರು ಮಗನಿಗೆ. ಪುಟ್ಟಿ ತನಗೆ ಹೇಗೂ ಅದು ಬೇಡ ಎಂದಳು.

ಸಾಹೇಬನಿಗೆ ಅಷ್ಟಕ್ಕೇ ಬಿಡಲಾಗಲಿಲ್ಲ.

“ನಿಜ ಹೇಳು ಪುಟ್ಟಿ. ಕೊನೇ ಸುತ್ತಿನಲ್ಲಿ ನೀನು ಪಕ್ಕಕ್ಕೆ ಬರ್ತಿದ್ದೆ ತಾನೆ?”

“ಬರ್ತಿರ್ಲಿಲ್ಲ.”

“ಯಾರಿಗೆ ಗೊತ್ತು?”

“ನಿನಗೆ ಗೊತ್ತು,” ಎಂದು ಅವಳು ತನ್ನ ಲೋಟ ತೊಳೆದಿಟ್ಟು ಹೋದಳು. ಬರುತ್ತಿದ್ದೆ ಎಂದು ಸುಳ್ಳಾದರೂ ಹೇಳಿದ್ದರೆ ಅವನು ಅವಳಿಗೆ ಜನ್ಮವಿಡೀ ಋಣಿಯಾಗಿರುತ್ತಿದ್ದ.

ಮಾರಾಟವಾದ ಕಾರಿನ ಜಾಗದಲ್ಲಿ ಅಮ್ಮ ಬಟ್ಟೆ ಒಣಗಿಸತೊಡಗಿದರು. ಅಳತೆ ಕೊಡಲು ಬರುವವರು ಈಗ ಚಾಂಪಿಯನ್ ಮನೆ ಇದೇನಾ ಎಂದು ಕೇಳುವರು. ಸೊಸೆ ಹೂಂ ಎನ್ನುವಳು, ಅಂದುಕೊಂಡಷ್ಟು ಖುಷಿಯಾಗುತ್ತಿರಲಿಲ್ಲ. ಬಸ್ಸಿನ ಯಜಮಾನನಿಂದ ಪುಟ್ಟಿಗೆ ಕರೆ ಬಂತು. ಅವನ ಎರಡನೆಯ ಕಾರಿಗೆ ಆಳು ಬೇಕಿತ್ತು. ಅವಳು ಬೆಳಿಗ್ಗೆಯೇ ಬಸ್ ಡಿಪೋಗೆ ಹೊರಟರೆ ಕತ್ತಲಾದ ಮೇಲೆ ಬರುವಳು. ಊಟಕ್ಕೆ ಕೂತಾಗ ಅಮ್ಮ ಕೇಳಿದರೆ ಅಲ್ಲಿಯ ಸಂಗತಿ ಹೇಳುವಳು. ಅಲ್ಲಿ ಟೈರಿಗೆ ಜಗಳವಿಲ್ಲವಂತೆ. ಕನ್ನಡಕನಿಗೆ ಕನ್ನಡಕ ತೆಗೆದರೆ ಸ್ವಂತ ಕಾರೂ ಕಾಣುವುದಿಲ್ಲವಂತೆ. ಅಮ್ಮ ನಗುವರು. ಸಾಹೇಬ ಬಗ್ಗಿಸಿದ ತಲೆ ಎತ್ತದೆ ತಿನ್ನುವನು, ಒಂದು ಮಾತೂ ಬಿಡದೆ ಕೇಳಿಸಿಕೊಳ್ಳುವನು.

ಹೊಸ ವರ್ಷದ ಮೊದಲ ಅಭ್ಯಾಸದ ದಿನ. ಲಾರಿಯಿಂದ ಇಳಿದದ್ದು ಒಂದೇ ಕಾರು. ಅದರ ಮೂತಿಯ ಮೇಲೆ ಚಾಂಪಿಯನ್‌ಗೆ ಮಾತ್ರ ಸಿಗುವ ಒಂದನೇ ನಂಬರು. ಟೈರೂ ಹೊಸದೇ, ಹಂಚಿಕೊಳ್ಳಲು ಯಾರೂ ಇರಲಿಲ್ಲ. ಸಾಹೇಬ ಹತ್ತು ಸುತ್ತು ಓಡಿಸಿ ಬಂದು, ಹೆಲ್ಮೆಟ್ಟು ತೆಗೆಯುವ ಮೊದಲೇ ಅವಳ ಸಮಯ ಎಷ್ಟು ಎಂದು ಅಪ್ಪನನ್ನು ಕೇಳಿದ.

“ನಿನ್ನದು ಕೇಳೋದಿಲ್ವಾ?” ಎಂದರು ಮೇಸ್ತ್ರಿ.

ಅಷ್ಟರಲ್ಲಿ ಉದ್ದದ ದಾರಿಯಲ್ಲಿ ಬಸ್ಸಿನ ಯಜಮಾನನ ಎರಡು ಕಾರುಗಳು ಬಂದವು. ಮುಂದೆ ಕನ್ನಡಕ, ಅವನಿಗೆ ಅಂಟಿಕೊಂಡು ಪುಟ್ಟಿ. ನಡುವೆ ಕೈ ಹಾಕಲೂ ಜಾಗವಿಲ್ಲ. ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿನಲ್ಲಿ ಅವನು ಪಕ್ಕಕ್ಕೆ ಸರಿದ, ಅವಳು ಮುಂದೆ ಬಂದಳು, ಈಗ ಅವನು ಅವಳ ಗಾಳಿಮರೆಯಲ್ಲಿ. ಇಬ್ಬರಲ್ಲಿ ಯಾರೂ ಕನ್ನಡಿ ನೋಡಿಕೊಂಡು ಓಡಿಸುವವರ ಹಾಗೆ ಕಾಣಲಿಲ್ಲ. ಸಾಹೇಬ ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ನೋಡುತ್ತಾ ನಿಂತ. ಇಷ್ಟು ವರ್ಷ ತಂಗಿಯ ಮೇಲೆ ಪಟ್ಟ ಹೊಟ್ಟೆಕಿಚ್ಚು ಅವನಿಗೆ ಚೆನ್ನಾಗಿ ಪರಿಚಯವಿತ್ತು, ಇದು ಅದಲ್ಲ. ಅವನಿಗೆ ಉರಿದದ್ದು ಆ ಕನ್ನಡಕದ ಹುಡುಗನ ಮೇಲೆ.

ಅವರು ಒಳಗೆ ಬಂದಾಗ ಪುಟ್ಟಿಯ ಕಾರಿನ ಮುಂದಿನ ಎಡ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿರುವುದನ್ನು ಅವನು ದೂರದಿಂದಲೇ ಕಂಡ. ಹಳೆಯ ಚಾಳಿ ಅವಳದು, ತಿರುವಿನಲ್ಲಿ ಸ್ಟಿಯರಿಂಗ್ ಬೇಗ ಎಳೆಯುವುದು. ಹೇಳಲೇಬೇಕೆನಿಸಿ ನೇರವಾಗಿ ಅವರ ಡೇರೆಗೆ ನಡೆದ. ಸುತ್ತಲೂ ಕಟ್ಟಿದ್ದ ಹಗ್ಗ ಎತ್ತಿ ಒಳಗೆ ಕಾಲಿಡುವಷ್ಟರಲ್ಲಿ ಅಲ್ಲಿಯ ಮೆಕ್ಯಾನಿಕ್ಕು ಅಡ್ಡ ಬಂದ. ಬೇರೆ ತಂಡದವರು ಒಳಗೆ ಬರುವ ಹಾಗಿಲ್ಲ ಸರ್ ಎಂದು ಮರ್ಯಾದೆಯಿಂದಲೇ ಹೇಳಿದ.

“ನಾನು ಅವಳಣ್ಣ,” ಎಂದ ಸಾಹೇಬ.

ಪುಟ್ಟಿ ಕೈಗವಸು ಬಿಚ್ಚುತ್ತಾ ಹಗ್ಗದ ಬಳಿ ಬಂದಳು. ಅವನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ನಮ್ಮೋರು ನೋಡ್ಕೋತಾರೆ ಬಿಡು, ಅಣ್ಣ,” ಎಂದಳು.

ಒಳಗಿನಿಂದ ಕನ್ನಡಕ ಕರೆದ. ಅವಳು ಹೋದಳು. ಸಾಹೇಬ ಎತ್ತಿ ಹಿಡಿದಿದ್ದ ಹಗ್ಗವನ್ನು ಕೆಳಗೆ ಬಿಟ್ಟ.